ಕೇಳುವವರಿಲ್ಲದ ಅಧಿಕಾರ: ವಿಧಾನಮಂಡಲದ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕರ್ನಾಟಕ ವಿಧಾನಸಭೆ ಮತ್ತು ವಿಧಾನ ಪರಿಷತ್ತಿನ ಎಲ್ಲ ಗೌರವಾನ್ವಿತ ಸದಸ್ಯರು,
ವಿಧಾನಸೌಧ, ಬೆಂಗಳೂರು

ವಿಷಯ: ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳನ್ನು ಚುನಾವಣೆಯಿಲ್ಲದೆ ಖಾಲಿ ಇಟ್ಟಿರುವುದು, ಅದರಿಂದ ಆಡಳಿತ ಕೆಟ್ಟಿರುವುದು.

ಮಾನ್ಯರೇ,

ನಾನು ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಪಂಚಾಯಿತಿ ಕಚೇರಿಗೆ ದ್ವಿತೀಯ ದರ್ಜೆ ಸಹಾಯಕನಾಗಿ ಸೇರಿ, ವ್ಯವಸ್ಥಾಪಕನಾಗಿ ನಿವೃತ್ತನಾದವನು. ಯಾವ ಪಕ್ಷದ ಸದಸ್ಯನೂ ಅಲ್ಲ, ಯಾವ ಸಂಘದ ಪದಾಧಿಕಾರಿಯೂ ಅಲ್ಲ. ಸಭೆಯ ನೋಟಿಸು ಕಳಿಸುವುದು, ನಡಾವಳಿ ಬರೆಯುವುದು, ಹಿಂದಿನ ತೀರ್ಮಾನಗಳ ಮೇಲೆ ಏನು ಮಾಡಿದೆವೆಂಬ ಅನುಪಾಲನಾ ವರದಿ ಸಿದ್ಧಪಡಿಸುವುದು, ಲೆಕ್ಕ ಪರಿಶೋಧಕರ ಆಕ್ಷೇಪಣೆಗಳಿಗೆ ಉತ್ತರ ಹೊಂದಿಸುವುದು, ನನ್ನ ನೌಕರಿಯ ಬಹುಪಾಲು ಇದರಲ್ಲೇ ಕಳೆಯಿತು. ಸೇವೆಯಲ್ಲಿದ್ದಾಗ ಇಂಥ ಪತ್ರ ಬರೆಯಲು ನಡತೆ ನಿಯಮಗಳು ಬಿಡುತ್ತಿರಲಿಲ್ಲ. ಈಗ ಆ ಅಡ್ಡಿಯಿಲ್ಲ.

ಸಂಗತಿ ನಿಮಗೆ ತಿಳಿಯದ್ದೇನೂ ಅಲ್ಲ. ರಾಜ್ಯದ ಜಿಲ್ಲಾ ಪಂಚಾಯಿತಿ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. ಎರಡೂ ಸೇರಿ ಸುಮಾರು ಐದು ಸಾವಿರ ಸದಸ್ಯರು ಆಗ ಆರಿಸಿ ಬಂದರು. ಅವರ ಅವಧಿ 2021ರ ಬೇಸಿಗೆಯಲ್ಲಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಮುಗಿದಿರಬೇಕು ಎನ್ನುತ್ತದೆ ಸಂವಿಧಾನದ 243ಇ ವಿಧಿ. ಅದರಲ್ಲಿ ‘ಅನುಕೂಲವಿದ್ದರೆ’ ಎಂಬ ಮಾತಿಲ್ಲ. ಅವಧಿ ಮುಗಿದು ನಾಲ್ಕು ವರ್ಷ ದಾಟಿದರೂ ಆ ಐದು ಸಾವಿರ ಕುರ್ಚಿಗಳಲ್ಲಿ ಒಂದೂ ತುಂಬಲಿಲ್ಲ. ಸದಸ್ಯರ ಬದಲು ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳು ಬಂದರು, ವರ್ಗವಾದರು, ಮತ್ತೊಬ್ಬರು ಬಂದರು.

ಈ ಅವಧಿಯಲ್ಲಿ ಸರ್ಕಾರ ಬದಲಾಯಿತು. 2023ರ ಮೇ ತಿಂಗಳಲ್ಲಿ ಆಳುವವರು ವಿರೋಧ ಪಕ್ಷದ ಸಾಲಿಗೆ ಹೋದರು, ವಿರೋಧ ಪಕ್ಷದವರು ಆಳುವ ಸಾಲಿಗೆ ಬಂದರು. ಚುನಾವಣೆ ಮಾತ್ರ ಇದ್ದಲ್ಲೇ ಇತ್ತು. ಹಾಗಾಗಿ ಈ ಪತ್ರವನ್ನು ಒಬ್ಬ ಮುಖ್ಯಮಂತ್ರಿಗೋ ಒಂದು ಪಕ್ಷದ ಅಧ್ಯಕ್ಷರಿಗೋ ಬರೆಯದೆ ನಿಮ್ಮೆಲ್ಲರಿಗೂ ಬರೆಯುತ್ತಿದ್ದೇನೆ. ಇಂಥವರು ಕೆಟ್ಟವರು, ಅವರನ್ನು ಇಳಿಸಿ ಇವರನ್ನು ಕೂರಿಸಿದರೆ ಸರಿಹೋಗುತ್ತದೆ ಎನ್ನುವ ದೂರಾಗಿದ್ದರೆ ಮತಪೆಟ್ಟಿಗೆಯ ಮುಂದೆ ತೀರಿಸಿಕೊಳ್ಳುತ್ತಿದ್ದೆ.

ನಾನು ನೋಡಿದ್ದನ್ನು ಮೊದಲು ಹೇಳುತ್ತೇನೆ.

ನಮ್ಮ ತಾಲ್ಲೂಕು ಪಂಚಾಯಿತಿಯ ಸಾಮಾನ್ಯ ಸಭೆ ಎಂದರೆ ನೋಡಲು ಚೆನ್ನಾಗಿರುತ್ತಿತ್ತು ಎಂದು ನಾನು ಹೇಳಲಾರೆ. ಹನ್ನೊಂದಕ್ಕೆ ಕರೆದ ಸಭೆಗೆ ಕೋರಂ ಆಗುವಾಗ ಹನ್ನೆರಡೂವರೆ. ಮೊದಲ ಅರ್ಧ ಗಂಟೆ ನೋಟಿಸು ತಲುಪಿಲ್ಲ ಎಂಬ ಜಗಳ. ಹಿಂದಿನ ಸಭೆಯ ಅನುಪಾಲನಾ ವರದಿ ಕೈಗೆ ಬಂದ ಮೇಲೆ ನಿಜವಾದ ಗಲಾಟೆ. ‘ಕ್ರಮ ಕೈಗೊಳ್ಳಲಾಗುತ್ತಿದೆ’ ಎಂದು ನಾವು ಬರೆದು ತಂದಿದ್ದರೆ, ಯಾವಾಗಿನಿಂದ ಕೈಗೊಳ್ಳುತ್ತಿದ್ದೀರಿ, ಕೈಗೊಂಡವರು ಯಾರು, ಅವರನ್ನು ಎದ್ದು ನಿಲ್ಲಿಸಿ ಎನ್ನುವವರು. ಕೃಷಿ, ಶಿಕ್ಷಣ, ಆರೋಗ್ಯ, ಪಶುಸಂಗೋಪನೆ, ಎಲ್ಲ ಇಲಾಖೆಗಳ ತಾಲ್ಲೂಕು ಅಧಿಕಾರಿಗಳೂ ಆ ದಿನ ಹಣೆ ಒರೆಸಿಕೊಳ್ಳುತ್ತಿದ್ದರು. ಎಷ್ಟೋ ಜನ ಅಂದೇ ನೋಡಿಕೊಂಡು ರಜೆ ಹಾಕುತ್ತಿದ್ದರು.

ಅಂಥದೊಂದು ಸಭೆಯಲ್ಲಿ ಕುಡಿಯುವ ನೀರಿನ ಕ್ರಿಯಾ ಯೋಜನೆ ಓದುತ್ತಿದ್ದರು. ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರದಿಂದ ಗೆದ್ದಿದ್ದ ಒಬ್ಬ ಮಹಿಳಾ ಸದಸ್ಯೆ ಅಲ್ಲಿದ್ದರು. ಮೊದಮೊದಲು ಅವರು ಬಾಯಿ ತೆರೆದವರಲ್ಲ. ಗಂಡ ಬಾಗಿಲ ಬಳಿ ನಿಂತು ಸನ್ನೆ ಮಾಡುತ್ತಿದ್ದ. ಅಂದು ಅವರ ಊರಿನ ಹೆಸರು ಬಂದಾಗ ಎದ್ದು ನಿಂತರು. ‘ನೀವು ಶುದ್ಧ ನೀರಿನ ಘಟಕ ಕೂರಿಸಬೇಕು ಅಂತ ಬರೆದಿರುವ ಆ ಬೋರಿನಲ್ಲಿ ಶಿವರಾತ್ರಿ ಕಳೆದ ಮೇಲೆ ನೀರು ಬರುವುದಿಲ್ಲ. ಇಂಜಿನಿಯರ್ ಸಾಹೇಬರು ಬಂದು ನೋಡಿದ್ದು ಮಳೆಗಾಲದಲ್ಲಿ. ಬೇಕಾದರೆ ಅವರ ಡೈರಿ ತೆಗೆಸಿ ನೋಡಿ’ ಎಂದರು. ಇಂಜಿನಿಯರರು ಕಡತ ತಿರುವಿದರು. ಸ್ಥಳ ಪರಿಶೀಲನೆಯ ದಿನಾಂಕ ಆಗಸ್ಟ್ ತಿಂಗಳದ್ದೇ ಆಗಿತ್ತು. ಅಧ್ಯಕ್ಷರಿಗೂ ಆ ಮಹಿಳೆಗೂ ಆಗುತ್ತಿರಲಿಲ್ಲ, ಪಕ್ಷವೂ ಬೇರೆ. ಆದರೆ ತುಂಬಿದ ಸಭೆಯಲ್ಲಿ ಆ ಮಾತಿಗೆ ಅವರು ಏನು ಹೇಳಿಯಾರು? ಘಟಕ ಕೆರೆಯ ಕೆಳಗಿನ ಕಾಲೊನಿಯ ಬೋರಿಗೆ ಹೋಯಿತು. ನಡಾವಳಿ ಪುಸ್ತಕದಲ್ಲಿ ಆ ತಿದ್ದುಪಡಿಯನ್ನು ಬರೆದದ್ದು ನಾನೇ.

ಸದಸ್ಯರ ಅವಧಿ ಮುಗಿದ ಮೇಲೆ ಇನ್ನೊಂದು ಹಳ್ಳಿಗೆ ಅಂಥದ್ದೇ ಘಟಕ ಮಂಜೂರಾಯಿತು. ಈ ಸಲ ಸಭೆಯಿಲ್ಲ. ನಮ್ಮ ಆಡಳಿತಾಧಿಕಾರಿಯಾಗಿ ಬಂದವರಿಗೆ ಜಿಲ್ಲಾ ಕೇಂದ್ರದಲ್ಲಿ ತಮ್ಮ ಇಲಾಖೆಯ ಕೆಲಸವೇ ಕುತ್ತಿಗೆವರೆಗೂ ಇತ್ತು. ಸಜ್ಜನರು, ಒಂದು ಕಾಫಿಯನ್ನೂ ನಮ್ಮ ಕಚೇರಿಯ ಖರ್ಚಿನಲ್ಲಿ ಕುಡಿದವರಲ್ಲ. ಕಡತ ಅವರ ಬಳಿಗೆ ಹೋಗಿ, ಒಪ್ಪಿಗೆಯ ಸಹಿಯೊಂದಿಗೆ ಮರಳಿ ಬಂತು. ಘಟಕವನ್ನು ಮುಖ್ಯ ರಸ್ತೆಯ ಪಕ್ಕದಲ್ಲಿ ಕಟ್ಟಿದರು. ಶಾಮಿಯಾನ ಹಾಕಲು, ಕಾರು ನಿಲ್ಲಿಸಲು ಅಲ್ಲಿ ಜಾಗವಿತ್ತು. ಉದ್ಘಾಟನೆ ಆಯಿತು, ಫಲಕದಲ್ಲಿ ಹೆಸರುಗಳು ಬಂದವು. ಬೇಸಿಗೆಯಲ್ಲಿ ಬೋರು ಕೈಕೊಟ್ಟಿತು, ನಾಣ್ಯ ಹಾಕುವ ಪೆಟ್ಟಿಗೆಯನ್ನು ಯಾರೋ ಕಿತ್ತರು, ಬಾಗಿಲಿಗೆ ಬೀಗ ಬಿತ್ತು. ನಾನು ಆ ಕಡತವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಸ್ಥಳ ತನಿಖಾ ವರದಿ ಇದೆ, ಅಂದಾಜು ಪಟ್ಟಿ ಇದೆ, ತಾಂತ್ರಿಕ ಮಂಜೂರಾತಿ ಇದೆ, ಟೆಂಡರ್ ಇದೆ, ಅಳತೆ ಪುಸ್ತಕ ಇದೆ, ಕಾಮಗಾರಿ ಮುಗಿದ ಫೋಟೋ ಕೂಡ ಇದೆ. ಲೆಕ್ಕ ಪರಿಶೋಧಕರು ಒಂದು ಆಕ್ಷೇಪಣೆ ಬರೆಯಲೂ ಜಾಗ ಸಿಗದಷ್ಟು ಅಚ್ಚುಕಟ್ಟು. ಊರಿನವರಿಗೆ ನೀರು ಮಾತ್ರ ಸಿಗಲಿಲ್ಲ.

ಇದರಲ್ಲಿ ಯಾರಾದರೂ ಹಣ ತಿಂದರೇ? ನನಗೆ ಹಾಗೆ ಹೇಳಲು ಆಧಾರವಿಲ್ಲ. ನನ್ನ ದೂರು ಇರುವುದೂ ಅಲ್ಲಲ್ಲ. ಸರ್ಕಾರದ ತೀರ್ಮಾನಗಳು ಹಾಳಾಗುವುದಕ್ಕೆ ಕಳ್ಳತನವೇ ಬೇಕಾಗಿಲ್ಲ. ಮೇಲಿನವರು ಕೇಳಬೇಕಾದದ್ದನ್ನು ಕೆಳಗಿನವರು ಹೇಳುವುದಿಲ್ಲ. ಅವರು ಕೇಳಲು ಇಷ್ಟಪಡುವುದನ್ನು ಹೇಳುತ್ತಾರೆ. ಪ್ರಗತಿ ಪರಿಶೀಲನಾ ಸಭೆಗೆ ಹೋಗುವ ನಮೂನೆಯಲ್ಲಿ ‘ಶೇ 100’ ಎಂದು ತುಂಬಿಸಿದರೆ ಯಾರೂ ಏನೂ ಕೇಳುವುದಿಲ್ಲ. ‘ಶೇ 62’ ಎಂದು ಬರೆದರೆ ಬೈಗುಳ, ಕಾರಣ ಕೇಳಿ ನೋಟಿಸು. ಇದನ್ನು ಸೇರಿದ ಮೊದಲ ವರ್ಷವೇ ಪ್ರತಿ ಗುಮಾಸ್ತನೂ ಕಲಿಯುತ್ತಾನೆ. ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಬೆಂಗಳೂರಿನ ಬಹುಮಹಡಿ ಕಟ್ಟಡದ ಸಚಿವಾಲಯಕ್ಕೆ ಹೋಗುವಾಗ ಪ್ರತಿ ಮೇಜಿನಲ್ಲೂ ಸುದ್ದಿ ಒಂದಿಷ್ಟು ಸಿಹಿಯಾಗುತ್ತ ಹೋಗುತ್ತದೆ. ಕೊನೆಗೆ ಸಚಿವರ ಕೈಗೆ ಬರುವ ಅಂಕಿಯಲ್ಲಿ ಯಾವ ಊರಿನ ಬೋರೂ ಬತ್ತಿರುವುದಿಲ್ಲ. ಆ ಅಂಕಿ ನೋಡಿ ಅವರು ಮುಂದಿನ ವರ್ಷದ ಯೋಜನೆ ಮಾಡುತ್ತಾರೆ. ಬುದ್ಧಿವಂತರೇ ಮಾಡಿದರೂ ಅದು ತಪ್ಪುತ್ತದೆ.

ಚುನಾಯಿತ ಸದಸ್ಯರಿಗೆ ಈ ಅಂಜಿಕೆ ಇರಲಿಲ್ಲ. ಅವರಿಗೆ ಕಾರಣ ಕೇಳಿ ನೋಟಿಸು ಕೊಡುವವರಿಲ್ಲ, ಬಡ್ತಿ ತಪ್ಪಿಸುವವರಿಲ್ಲ, ಬೀದರಿಗೋ ಚಾಮರಾಜನಗರಕ್ಕೋ ಎತ್ತಿ ಹಾಕುವವರಿಲ್ಲ. ಸಂಜೆ ಊರಿಗೆ ಹೋದರೆ ಕೊಡ ಹಿಡಿದು ನಿಂತ ಹೆಂಗಸರಿಗೆ ಅವರು ಉತ್ತರ ಹೇಳಬೇಕು. ಆ ಮಹಿಳೆ ಇಂಜಿನಿಯರರಿಗಿಂತ ಹೆಚ್ಚು ಓದಿದವರಾಗಿರಲಿಲ್ಲ. ಅವರಿಗೆ ಆ ಬೋರು ಗೊತ್ತಿತ್ತು, ಹೇಳಿದರೆ ಕಳೆದುಕೊಳ್ಳುವುದು ಏನೂ ಇರಲಿಲ್ಲ. 2010ರ ನಂತರ ನಮ್ಮ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರದು. ಚುನಾವಣೆ ನಿಲ್ಲಿಸಿದಾಗ ಸುಮಾರು ಎರಡೂವರೆ ಸಾವಿರ ಮಹಿಳೆಯರ ಬಾಯಿಗೆ ಬೀಗ ಹಾಕಿದ ಹಾಗಾಯಿತು. ಮಹಿಳಾ ಸಬಲೀಕರಣದ ಭಾಷಣಗಳಿಗೆ ಅದರಿಂದ ಅಡ್ಡಿಯೇನೂ ಆಗಲಿಲ್ಲ.

ನಿಮ್ಮಲ್ಲಿ ಕೆಲವರು ಇಲ್ಲಿಗೆ ಬರುವಾಗಲೇ ನಕ್ಕಿರಬಹುದು. ಜಿಲ್ಲಾ ಪಂಚಾಯಿತಿ ಸದಸ್ಯರೇನು ಸತ್ಯಹರಿಶ್ಚಂದ್ರರೇ? ಅಲ್ಲ. ಹೆಂಡತಿಯ ಹೆಸರಲ್ಲಿ ಆಳಿದ ಗಂಡಂದಿರನ್ನು, ಬೇನಾಮಿ ಗುತ್ತಿಗೆ ಹಿಡಿದವರನ್ನು, ಬಿಲ್ಲಿಗೆ ಸಹಿ ಬೀಳುವ ಮೊದಲು ಕೈ ಚಾಚಿದವರನ್ನು ನಾನು ನಿಮಗಿಂತ ಹತ್ತಿರದಿಂದ ಕಂಡಿದ್ದೇನೆ. ಹಳ್ಳಿ ಎಂಬುದು ಸಂಕುಚಿತತನದ, ಅಜ್ಞಾನದ, ಕೋಮುವಾದದ ತಾಣ ಎಂದು 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ನಿಂತು ಅಂಬೇಡ್ಕರರು ಹೇಳಿದ್ದನ್ನೂ ನಾನು ಮರೆತಿಲ್ಲ. ಅವರ ಆತಂಕ ನಿಜವೇ ಆಗಿತ್ತು. ಸಂವಿಧಾನದ 73ನೇ ತಿದ್ದುಪಡಿ ಪಂಚಾಯಿತಿಗಳಲ್ಲಿ ಮೀಸಲಾತಿಯನ್ನು ಕಡ್ಡಾಯ ಮಾಡಿದ್ದು ಆ ಆತಂಕಕ್ಕೆ ಕೊಟ್ಟ ಉತ್ತರವೆಂದೇ ನಾನು ತಿಳಿದಿದ್ದೇನೆ. ಆದರೆ ಒಂದು ವ್ಯತ್ಯಾಸ ಗಮನಿಸಿ. ತಾಲ್ಲೂಕು ಪಂಚಾಯಿತಿಯಲ್ಲಿ ಒಬ್ಬ ತಿಂದರೆ ಸೋತವನಿಗೆ ಗೊತ್ತಾಗುತ್ತಿತ್ತು, ಪಕ್ಕದ ಕ್ಷೇತ್ರದವನಿಗೆ ಹೊಟ್ಟೆಕಿಚ್ಚಾಗುತ್ತಿತ್ತು, ಮುಂದಿನ ಸಭೆಯಲ್ಲಿ ಅದು ಕೂಗಾಡಿ ಹೊರಬೀಳುತ್ತಿತ್ತು, ಮರುದಿನ ಸ್ಥಳೀಯ ಪತ್ರಿಕೆಯಲ್ಲಿ ಬರುತ್ತಿತ್ತು. ಜಗಳ ಇದ್ದಲ್ಲಿ ಗುಟ್ಟು ಉಳಿಯುವುದಿಲ್ಲ. ಈಗ ಜಗಳವಿಲ್ಲ. ಕಚೇರಿ ಬಹಳ ಶಾಂತವಾಗಿದೆ. ಆ ಶಾಂತಿ ನನಗೆ ಒಳ್ಳೆಯ ಲಕ್ಷಣವಾಗಿ ಕಾಣುವುದಿಲ್ಲ.

ಅದೇ 2021ರಲ್ಲಿ ರಾಜ್ಯದ ಗುತ್ತಿಗೆದಾರರ ಸಂಘ ಪ್ರಧಾನಿಗೆ ಪತ್ರ ಬರೆದು ಕಾಮಗಾರಿಗಳಲ್ಲಿ ಶೇ 40ರಷ್ಟು ಕಮಿಷನ್ ಕೊಡಬೇಕಾಗಿದೆ ಎಂದು ಆರೋಪಿಸಿತು. ಅದರ ಮೇಲೆ ಒಂದು ಚುನಾವಣೆಯ ಪ್ರಚಾರವೇ ನಡೆಯಿತು. ಆರೋಪದ ಸತ್ಯಾಸತ್ಯ ನನ್ನ ತೀರ್ಪಿಗೆ ಬಿಟ್ಟದ್ದಲ್ಲ. ಗುತ್ತಿಗೆದಾರರು ದೂರು ಹೇಳಲು ದೆಹಲಿಯವರೆಗೆ ಹೋಗಬೇಕಾಯಿತಲ್ಲ, ನಡುವೆ ಒಂದು ಕಿವಿಯೂ ಸಿಗಲಿಲ್ಲವಲ್ಲ ಎಂಬುದಷ್ಟೇ ನನ್ನ ಪ್ರಶ್ನೆ.

ನಮ್ಮ ರಾಜ್ಯಕ್ಕೆ ಇದು ಒಗ್ಗದ ವಿಷಯವಾಗಿದ್ದರೆ ಸುಮ್ಮನಿರಬಹುದಿತ್ತು. ಇಡೀ ದೇಶಕ್ಕೆ ಪಾಠ ಹೇಳಿಕೊಟ್ಟವರು ನಾವು. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಪಂಚಾಯತ್ ರಾಜ್ ಖಾತೆ ಹೊತ್ತಿದ್ದ ಅಬ್ದುಲ್ ನಜೀರ್ ಸಾಬರು ತಂದ 1983ರ ಕಾಯ್ದೆಯಡಿ 1987ರಲ್ಲಿ ಚುನಾವಣೆ ನಡೆದಾಗ ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಸಿಕ್ಕಿತು. ಹಿರಿಯ ಐಎಎಸ್ ಅಧಿಕಾರಿ ಅವರ ಕೈಕೆಳಗೆ ಕೆಲಸ ಮಾಡಬೇಕಾಯಿತು. ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಾಯಿತು, ಅದೂ ಸಂವಿಧಾನ ಹಾಗೆ ಹೇಳುವ ಐದಾರು ವರ್ಷ ಮೊದಲೇ. ಬೋರ್‌ವೆಲ್ ಕೊರೆಸಿ ಊರೂರಿಗೆ ನೀರು ಕೊಟ್ಟ ನಜೀರ್ ಸಾಬರನ್ನು ಜನ ‘ನೀರ್ ಸಾಬ್’ ಎಂದೇ ಕರೆದರು. ಆದರೆ ನೀರಿಗಿಂತ ದೊಡ್ಡದನ್ನು ಅವರು ಹಂಚಿದ್ದರು. ತಮ್ಮ ಕೈಯಲ್ಲಿದ್ದ ಅಧಿಕಾರವನ್ನು ಬಿಟ್ಟುಕೊಟ್ಟ ಸಚಿವರು ನನ್ನ ಜೀವಮಾನದಲ್ಲಿ ಬೇರೆ ಯಾರಿದ್ದಾರೆ ಎಂದು ಹುಡುಕುತ್ತಿದ್ದೇನೆ. ಶಾಲೆಗೆ ಮೇಷ್ಟ್ರು, ಆಸ್ಪತ್ರೆಗೆ ಡಾಕ್ಟರು ಸಮಯಕ್ಕೆ ಬರತೊಡಗಿದ್ದು ಆಗ ಎಂದು ನಮ್ಮ ಕಚೇರಿಯ ಹಿರಿಯರು ಹೇಳುತ್ತಿದ್ದರು.

ಶಾಸಕರಿಗೆ ಅದು ಸಹಿಸಲಿಲ್ಲ ಎಂದೂ ಅದೇ ಹಿರಿಯರು ಹೇಳುತ್ತಿದ್ದರು. ಆ ಮೊದಲ ಅವಧಿ 1992ರಲ್ಲಿ ಮುಗಿದಾಗ ಹೊಸ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದರು. ಮುಂದೆ ಎಂದೂ ಹೀಗಾಗದಿರಲಿ ಎಂದೇ ಸಂಸತ್ತು ಸಂವಿಧಾನಕ್ಕೆ ಆ 73ನೇ ತಿದ್ದುಪಡಿ ತಂದಿತು; ಅದು 1993ರ ಏಪ್ರಿಲ್ 24ರಿಂದ ಜಾರಿಗೆ ಬಂತು. ಸಂವಿಧಾನದಲ್ಲೇ ಬರೆದ ಮೇಲೂ ನೀವು ದಾರಿ ಕಂಡುಕೊಂಡಿರಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಲು ಸಾಧ್ಯವಿಲ್ಲ.

ಆ ದಾರಿ ಹೇಗಿತ್ತೆಂದು ಸಾರ್ವಜನಿಕರಿಗೂ ತಿಳಿದಿರಲಿ. 2021ರಲ್ಲಿ ರಾಜ್ಯ ಚುನಾವಣಾ ಆಯೋಗ ಕ್ಷೇತ್ರ ವಿಂಗಡಣೆ ಮಾಡಿ, ಮೀಸಲಾತಿಯ ಕರಡು ಪಟ್ಟಿಯನ್ನೂ ಹೊರಡಿಸಿತ್ತು. ಆಗ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ಆಯೋಗದಿಂದ ಕಿತ್ತುಕೊಂಡು, ಬೇರೆಯೇ ಒಂದು ಸೀಮಾ ನಿರ್ಣಯ ಆಯೋಗ ರಚಿಸಿತು. ಮಾಡಿದ ಕೆಲಸವನ್ನೆಲ್ಲ ಮೊದಲಿನಿಂದ ಮಾಡಬೇಕಾಯಿತು. ಆಮೇಲೆ ಹಿಂದುಳಿದ ವರ್ಗಗಳ ಮೀಸಲಾತಿಯ ಪ್ರಶ್ನೆ ಬಂತು. ಅದು ನ್ಯಾಯವಾದ ಪ್ರಶ್ನೆಯೇ. ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ ಅದಕ್ಕೆ 2022ರಲ್ಲಿಯೇ ವರದಿ ಕೊಟ್ಟಿತು. ಮೀಸಲಾತಿ ನಿಗದಿಯ ಕಸರತ್ತು ಮುಗಿದಿಲ್ಲ ಎಂಬ ಕಾರಣಕ್ಕೆ ಚುನಾವಣೆ ಮುಂದೂಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಮಧ್ಯಪ್ರದೇಶದ ಪ್ರಕರಣದಲ್ಲಿ 2022ರ ಮೇ ತಿಂಗಳಲ್ಲಿ ಸ್ಪಷ್ಟವಾಗಿ ಹೇಳಿತು. ಅದಕ್ಕೂ ಮೊದಲು, 2006ರಲ್ಲಿ, ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ, ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ಸಂವಿಧಾನ ಪೀಠವೇ ಹೇಳಿತ್ತು. ನಮ್ಮ ಹೈಕೋರ್ಟಿನಲ್ಲಿ ಮತ್ತೆ ಮತ್ತೆ ಕಾಲಾವಕಾಶ ಕೇಳಿ ಸರ್ಕಾರ ದಂಡವನ್ನೂ ಹಾಕಿಸಿಕೊಂಡಿತು. ದಂಡ ಕಟ್ಟಿದ್ದು ಯಾರ ಹಣದಿಂದ ಎಂಬುದನ್ನು ನಾನು ಹೇಳಬೇಕಾಗಿಲ್ಲ. ಚುನಾಯಿತ ಸಂಸ್ಥೆ ಇಲ್ಲದ ಕಡೆಗೆ ಕೇಂದ್ರ ಹಣಕಾಸು ಆಯೋಗದ ಅನುದಾನವೂ ಬರುವುದಿಲ್ಲ. ಆ ನಷ್ಟ ಹಳ್ಳಿಯ ರಸ್ತೆಗೆ, ಚರಂಡಿಗೆ, ಶಾಲೆಯ ಕೊಠಡಿಗೆ ತಟ್ಟಿತು.

ಬೆಂಗಳೂರಿನವರೂ ನಮ್ಮ ಜೊತೆಗೇ ಇದ್ದಾರೆ. ಬಿಬಿಎಂಪಿ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ ವಾರ್ಡುಗಳನ್ನು 198ರಿಂದ 243ಕ್ಕೆ ಏರಿಸಿದರು, 225ಕ್ಕೆ ಇಳಿಸಿದರು, ಕೊನೆಗೆ ಪಾಲಿಕೆಯನ್ನೇ ಒಡೆದು ಐದು ಮಾಡಿ 369 ವಾರ್ಡು ಎಂದರು. ಎಣಿಕೆ ನಡೆಯುತ್ತಲೇ ಇತ್ತು; ಕಾರ್ಪೊರೇಟರ್ ಒಬ್ಬರೂ ಇರಲಿಲ್ಲ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ಸುಮಾರು 17 ಕಿಲೋಮೀಟರ್ ಸುರಂಗ ರಸ್ತೆ ಕೊರೆಯುವ, ಸಾವಿರಾರು ಕೋಟಿಯ ತೀರ್ಮಾನವಾದದ್ದು ಇದೇ ಕಾಲದಲ್ಲಿ. ಸುರಂಗ ಒಳ್ಳೆಯದೋ ಕೆಟ್ಟದ್ದೋ ತಜ್ಞರು ಹೇಳಲಿ. ಇಷ್ಟು ದೊಡ್ಡ ತೀರ್ಮಾನವನ್ನು, ಆ ರಸ್ತೆಯ ಮೇಲೆ ಬದುಕುವವರ ಒಬ್ಬ ಪ್ರತಿನಿಧಿಯೂ ಎದ್ದು ನಿಂತು ‘ನಮ್ಮ ವಾರ್ಡಿನಲ್ಲಿ ಎಲ್ಲಿ ಅಗೆಯುತ್ತೀರಿ’ ಎಂದು ಕೇಳುವ ಅವಕಾಶವಿಲ್ಲದೆ ತೆಗೆದುಕೊಂಡಿರಿ ಎಂಬುದು ನನಗೆ ಕಾಣುವ ದೋಷ.

ಕೆಳಗಿನಿಂದ ಕೇಳುವವರನ್ನು ತೆಗೆದದ್ದು ಹೀಗೆ. ಪಕ್ಕದಲ್ಲಿ ನಿಂತು ನೋಡುವವರನ್ನು ಏನು ಮಾಡಿದಿರಿ?

ಈ ರಾಜ್ಯದ ಲೋಕಾಯುಕ್ತ ಒಂದು ಕಾಲಕ್ಕೆ ಎಂಥದಿತ್ತೆಂದು ನಮ್ಮಂಥ ನೌಕರರನ್ನು ಕೇಳಬೇಕು. ನ್ಯಾಯಮೂರ್ತಿ ವೆಂಕಟಾಚಲ ಅವರು ಲೋಕಾಯುಕ್ತರಾಗಿದ್ದಾಗ ಅವರ ಕಾರು ಜಿಲ್ಲೆಯ ಗಡಿ ದಾಟಿತೆಂಬ ಸುದ್ದಿಗೇ ಕಚೇರಿಗಳ ಹಾಜರಿ ಪುಸ್ತಕ ತುಂಬುತ್ತಿತ್ತು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈನಲ್ಲಿ ಬಳ್ಳಾರಿ ಗಣಿಗಾರಿಕೆಯ ವರದಿ ಕೊಟ್ಟರು. ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟವಾಗಿದೆ ಎಂದು ಅದರಲ್ಲಿತ್ತು. ಅದೇ ತಿಂಗಳು ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಮುಂದೆ ನ್ಯಾಯಾಲಯಗಳಲ್ಲಿ ಅವರಿಗೆ ಬಿಡುಗಡೆಯೂ ಸಿಕ್ಕಿತು, ಅದನ್ನೂ ಹೇಳದಿದ್ದರೆ ನ್ಯಾಯವಾಗುವುದಿಲ್ಲ. ಆದರೆ ಆಳುವವರು ಯಾವ ಬಣ್ಣದ ಬಾವುಟ ಹಿಡಿದರೂ ಅಷ್ಟು ಬಲವಿದ್ದ ಸಂಸ್ಥೆ ಅವರಿಗೆ ಮುಳ್ಳೇ. 2015ರಲ್ಲಿ ಲೋಕಾಯುಕ್ತ ಕಚೇರಿಯೊಳಗೇ ಹಗರಣ ಹುಟ್ಟಿದಾಗ ಸಂಸ್ಥೆಯನ್ನು ಶುಚಿ ಮಾಡಬಹುದಿತ್ತು. ಅದರ ಬದಲು 2016ರ ಮಾರ್ಚ್ 14ರಂದು ಒಂದು ಸರ್ಕಾರಿ ಆದೇಶದಿಂದ ಭ್ರಷ್ಟಾಚಾರ ನಿಗ್ರಹ ದಳ ಹುಟ್ಟಿತು. ಲೋಕಾಯುಕ್ತ ಪೊಲೀಸರ ಕೈಯಿಂದ ತನಿಖೆಯ ಅಧಿಕಾರ ಹೋಗಿ, ಮುಖ್ಯಮಂತ್ರಿಯ ಅಧೀನದಲ್ಲಿರುವ ದಳಕ್ಕೆ ಬಂತು. ಸದನಗಳು ಒಪ್ಪಿ ಮಾಡಿದ ಕಾಯ್ದೆಯ ಸಂಸ್ಥೆಯನ್ನು ಒಂದು ಆದೇಶ ಹಲ್ಲಿಲ್ಲದ ಹಾಗೆ ಮಾಡಿತು.

2022ರ ಆಗಸ್ಟ್ 11ರಂದು ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ನಡುವಿನ ಆರು ವರ್ಷಗಳಲ್ಲಿ ಈ ರಾಜ್ಯದ ಮೂರು ಪ್ರಮುಖ ಪಕ್ಷಗಳೂ ಒಂದಲ್ಲ ಒಂದು ಕಾಲದಲ್ಲಿ ಅಧಿಕಾರದಲ್ಲಿದ್ದವು. ವಿರೋಧ ಪಕ್ಷದಲ್ಲಿದ್ದಾಗ ಆ ದಳವನ್ನು ಕಿತ್ತೆಸೆಯುತ್ತೇವೆ ಎಂದು ಗುಡುಗಿದವರಿಗೂ ಅಧಿಕಾರ ಬಂದ ಮೇಲೆ ಅದು ಸಹ್ಯವಾಯಿತು. ಅಧಿಕಾರ ಮನುಷ್ಯನನ್ನು ಹೇಗೆ ಕೆಡಿಸುತ್ತದೆ ಎಂಬ ಪ್ರಶ್ನೆಗೆ ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾಗಿಲ್ಲ. ಕುರ್ಚಿಯಲ್ಲಿ ಕೂತ ದಿನವೇ ಯಾರೂ ಕದಿಯಲು ಶುರುಮಾಡುವುದಿಲ್ಲ. ಮೊದಲು, ನಿನ್ನೆಯವರೆಗೆ ಅನ್ಯಾಯವಾಗಿ ಕಂಡದ್ದು ಇವತ್ತು ಅನುಕೂಲವಾಗಿ ಕಾಣುತ್ತದೆ. ‘ನಾವು ಒಳ್ಳೆಯದಕ್ಕೆ ಬಳಸುತ್ತೇವೆ, ನಮ್ಮ ಮೇಲೆ ಕಾವಲು ಯಾಕೆ’ ಎನ್ನಿಸುತ್ತದೆ. ಆಮೇಲೆ ಕೇಳುವವರೆಲ್ಲ ಅಡ್ಡಗಾಲು ಹಾಕುವವರಾಗಿ ಕಾಣುತ್ತಾರೆ. ಹಣ ಬರುವುದು ಕೊನೆಗೆ. ಬರುವ ಹೊತ್ತಿಗೆ ತಡೆಯಲು ಯಾರೂ ಇರುವುದಿಲ್ಲ.

ಇನ್ನು ನಿಮ್ಮ ಸದನದ ಮಾತು. ವರ್ಷಕ್ಕೆ 60 ದಿನ ಅಧಿವೇಶನ ನಡೆಸಬೇಕೆಂದು 2005ರಲ್ಲಿ ನೀವೇ ಒಂದು ಕಾಯ್ದೆ ಮಾಡಿಕೊಂಡಿರಿ. ಅಷ್ಟು ದಿನ ಕೂತ ವರ್ಷಗಳು ವಿರಳ. 2025ರ ಮಾರ್ಚ್ 21ರಂದು ಗದ್ದಲದ ನಡುವೆ 18 ಶಾಸಕರನ್ನು ಆರು ತಿಂಗಳ ಮಟ್ಟಿಗೆ ಅಮಾನತು ಮಾಡಲಾಯಿತು. ಅದೇ ದಿನ, ಅದೇ ಗದ್ದಲದ ನಡುವೆ, ಮುಖ್ಯಮಂತ್ರಿಯ ವೇತನವನ್ನು 75 ಸಾವಿರದಿಂದ ಒಂದೂವರೆ ಲಕ್ಷಕ್ಕೂ ಶಾಸಕರ ವೇತನವನ್ನು 40 ಸಾವಿರದಿಂದ 80 ಸಾವಿರಕ್ಕೂ ಏರಿಸುವ ಮಸೂದೆಗಳು ಚರ್ಚೆಯಿಲ್ಲದೆ ಅಂಗೀಕಾರವಾದವು. ವೇತನ ಹೆಚ್ಚಿಸಿಕೊಳ್ಳಬಾರದೆಂದು ನಾನು ಹೇಳುವುದಿಲ್ಲ. ನಾನೂ ವೇತನ ಆಯೋಗಕ್ಕೆ ಕಾದು ಕೂತಿದ್ದವನೇ. ಆದರೆ ಕೂಗಾಟದಲ್ಲಿ ಕೇಳಿಸದಿರುವುದು ಕೆಲವು ಮಸೂದೆಗಳಿಗೆ ಎಷ್ಟು ಅನುಕೂಲ ಎಂಬುದನ್ನು ಜನ ಗಮನಿಸಿದರು. ಒಬ್ಬ ಶಾಸಕ ಪಕ್ಷದ ವಿಪ್ ಮೀರಿ ಮತ ಹಾಕಿದರೆ ಪಕ್ಷಾಂತರ ನಿಷೇಧ ಕಾಯ್ದೆಯಡಿ ಸ್ಥಾನವೇ ಹೋಗುತ್ತದೆ; ಗುಂಪಾಗಿ ರಾಜೀನಾಮೆ ಕೊಟ್ಟು ಸರ್ಕಾರ ಉರುಳಿಸಿದರೆ ಮತ್ತೆ ನಿಂತು ಗೆದ್ದು ಮಂತ್ರಿಯೂ ಆಗಬಹುದು. 2019ರಲ್ಲಿ 17 ಮಂದಿಯ ಅನರ್ಹತೆಯ ನಂತರ ಏನಾಯಿತೆಂದು ರಾಜ್ಯವೆಲ್ಲ ನೋಡಿತು. ಮಸೂದೆಯೊಂದರಲ್ಲಿ ತಪ್ಪು ಕಂಡು ಪ್ರಾಮಾಣಿಕವಾಗಿ ‘ಇಲ್ಲ’ ಎನ್ನುವವನಿಗೆ ಶಿಕ್ಷೆ, ರೆಸಾರ್ಟಿಗೆ ಹೋಗುವವನಿಗೆ ದಾರಿ. ನಮ್ಮ ತಾಲ್ಲೂಕಿನ ಗುಮಾಸ್ತ ‘ಶೇ 100’ ಎಂದು ಬರೆಯುವುದಕ್ಕೂ ನೀವು ಕೈ ಎತ್ತುವುದಕ್ಕೂ ಕಾರಣ ಒಂದೇ ಎಂದು ನನಗೆ ಅನ್ನಿಸುತ್ತದೆ. ಇದನ್ನು ಕೊಂಕಿನಿಂದ ಹೇಳುತ್ತಿಲ್ಲ. ನಿಮ್ಮಲ್ಲಿ ಅನೇಕರ ಬಗ್ಗೆ ನನಗೆ ಗೌರವವಿದೆ.

ಆ ಗೌರವದಿಂದಲೇ ನೆನಪಿಸುತ್ತೇನೆ: ಸಿದ್ದರಾಮಯ್ಯನವರು ರಾಜಕೀಯ ಆರಂಭಿಸಿದ್ದು ಮೈಸೂರಿನ ತಾಲ್ಲೂಕು ಬೋರ್ಡಿನಿಂದ, ಯಡಿಯೂರಪ್ಪನವರು ಶಿಕಾರಿಪುರದ ಪುರಸಭೆಯಿಂದ. ವಿಧಾನ ಪರಿಷತ್ತಿನ 75 ಸದಸ್ಯರಲ್ಲಿ 25 ಮಂದಿ ಇವತ್ತಿಗೂ ಸ್ಥಳೀಯ ಸಂಸ್ಥೆಗಳ ಕ್ಷೇತ್ರಗಳಿಂದ ಬರುವವರು. ಆ 25 ಮಂದಿಯಾದರೂ ಒಂದು ದಿನ ಸದನದ ಬಾವಿಗಿಳಿದು ಪಂಚಾಯಿತಿ ಚುನಾವಣೆ ಕೇಳಬಹುದಿತ್ತು. ಬೇರೆ ಎಷ್ಟೋ ಕಾರಣಕ್ಕೆ ಇಳಿಯುವುದನ್ನು ಟಿವಿಯಲ್ಲಿ ನೋಡಿದ್ದೇವೆ.

ನನ್ನ ಕೋರಿಕೆಗಳು ದೊಡ್ಡವೇನಲ್ಲ. ಎಲ್ಲವೂ ನಿಮ್ಮ ಕೈಯಲ್ಲೇ ಇವೆ. ದೆಹಲಿಯ ಕಡೆ ಬೆರಳು ತೋರಿಸಬೇಕಾಗಿಲ್ಲ.

ಕ್ಷೇತ್ರ ವಿಂಗಡಣೆ ಮತ್ತು ಮೀಸಲಾತಿ ನಿಗದಿಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗಕ್ಕೆ ಮರಳಿ ಕೊಡಿ. ಚುನಾವಣೆಯಲ್ಲಿ ಲಾಭ ನಷ್ಟ ಇರುವವರ ಕೈಯಲ್ಲಿ ಗೆರೆ ಎಳೆಯುವ ಪೆನ್ಸಿಲ್ ಇರುವವರೆಗೆ ಗೆರೆ ಮುಗಿಯುವುದಿಲ್ಲ. ಅವಧಿ ಮುಗಿಯುವ ಆರು ತಿಂಗಳ ಮೊದಲು ಪಟ್ಟಿ ಅಂತಿಮವಾಗದಿದ್ದರೆ ಹಿಂದಿನ ಪಟ್ಟಿಯ ಮೇಲೆಯೇ ಆಯೋಗ ಚುನಾವಣೆ ನಡೆಸತಕ್ಕದ್ದು ಎಂಬ ಒಂದು ಸಾಲು ಕಾಯ್ದೆಯಲ್ಲಿ ಸೇರಿಸಿ. ವಿಳಂಬದಿಂದ ಯಾರಿಗೂ ಲಾಭವಿಲ್ಲವೆಂದಾದರೆ ವಿಳಂಬ ತಾನಾಗಿ ನಿಲ್ಲುತ್ತದೆ.

ಪ್ರವಾಹವೋ ಸಾಂಕ್ರಾಮಿಕವೋ ಬಂದು ಆಡಳಿತಾಧಿಕಾರಿಯನ್ನು ನೇಮಿಸಲೇಬೇಕಾದರೆ, ಅವರ ಅಧಿಕಾರ ಸಂಬಳ, ವಿದ್ಯುತ್ ಬಿಲ್ಲು, ದುರಸ್ತಿ, ಕುಡಿಯುವ ನೀರಿನ ತುರ್ತು ಕೆಲಸಕ್ಕೆ ಮಾತ್ರ ಸೀಮಿತವಾಗಿರಲಿ. ಹೊಸ ಕ್ರಿಯಾ ಯೋಜನೆಗೆ ಅವರು ಸಹಿ ಹಾಕುವಂತಿರಬಾರದು. ಹೊಸ ಕಾಮಗಾರಿ ನಿಂತರೆ ಶಾಸಕರಿಗೆ ಅನನುಕೂಲವಾಗುತ್ತದೆ ಎಂಬುದು ನನಗೆ ಗೊತ್ತು; ಈ ಕೋರಿಕೆ ಮುಂದಿಟ್ಟಿರುವುದು ಅದಕ್ಕಾಗಿಯೇ.

ಲೋಕಾಯುಕ್ತಕ್ಕೆ ಅಧಿಕಾರ ಮರಳಿ ಕೊಟ್ಟದ್ದು ಹೈಕೋರ್ಟ್, ನೀವಲ್ಲ. ಮುಂದೆ ಯಾವ ಸರ್ಕಾರವೂ ಒಂದು ಆದೇಶದಿಂದ ಅದನ್ನು ಕಸಿಯದಂತೆ ಕಾಯ್ದೆಯಲ್ಲೇ ಬರೆಯಿರಿ. ಲೋಕಾಯುಕ್ತರು ಕೊಟ್ಟ ವರದಿ ಇಂತಿಷ್ಟು ದಿನದೊಳಗೆ ಸದನದ ಮುಂದೆ ಬರಲಿ, ಅದರ ಮೇಲೆ ಸರ್ಕಾರ ಏನು ಮಾಡಿತೆಂಬ ಅನುಪಾಲನಾ ವರದಿಯೂ ಜೊತೆಗೆ ಬರಲಿ. ‘ಕ್ರಮ ಕೈಗೊಳ್ಳಲಾಗುತ್ತಿದೆ’ ಎಂಬ ಉತ್ತರವನ್ನು ನಮ್ಮ ತಾಲ್ಲೂಕು ಪಂಚಾಯಿತಿ ಸದಸ್ಯರು ಒಪ್ಪುತ್ತಿರಲಿಲ್ಲ, ನೀವೂ ಒಪ್ಪಬೇಡಿ. ಮಸೂದೆಗಳು ಕನಿಷ್ಠ ಒಂದು ವಾರ ಸದಸ್ಯರ ಮೇಜಿನ ಮೇಲೆ ಇದ್ದು, ಕನ್ನಡದಲ್ಲಿ ಸಾರ್ವಜನಿಕರಿಗೂ ಓದಲು ಸಿಕ್ಕು, ಆಮೇಲೆ ಮತಕ್ಕೆ ಹೋಗಲಿ.

ನಮ್ಮ ತಾಲ್ಲೂಕು ಪಂಚಾಯಿತಿಯ ನಡಾವಳಿ ಪುಸ್ತಕಗಳು ಕಚೇರಿಯ ದಾಖಲೆ ಕೊಠಡಿಯಲ್ಲಿವೆ. 2021ರವರೆಗಿನವು ದಪ್ಪ, ತಿದ್ದುಪಡಿಗಳಿಂದ ತುಂಬಿವೆ. ಅನಂತರದ್ದರಲ್ಲಿ ‘ಅನುಮೋದಿಸಲಾಗಿದೆ’ ಎಂಬುದಲ್ಲದೆ ಬೇರೆ ಮಾತು ಸಿಗುವುದು ಕಷ್ಟ. ನಿಮ್ಮಲ್ಲಿ ಯಾರಾದರೂ ನಿಮ್ಮ ಕ್ಷೇತ್ರದ ಕಚೇರಿಯಲ್ಲಿ ಇವೆರಡನ್ನೂ ತರಿಸಿ ಅಕ್ಕಪಕ್ಕ ಇಟ್ಟು ಓದುವಿರಾದರೆ, ಓದಿದ ಮೇಲೆ ಬರುವ ಅಧಿವೇಶನದಲ್ಲಿ ಚುನಾವಣೆಯ ದಿನಾಂಕ ಕೇಳಿ ಚುಕ್ಕೆ ಗುರುತಿಲ್ಲದ ಒಂದು ಪ್ರಶ್ನೆ ಹಾಕಬೇಕೆಂದು ವಿನಂತಿಸುತ್ತೇನೆ. ಉತ್ತರವನ್ನು ಲಿಖಿತವಾಗಿ ಪಡೆಯಿರಿ.

ಇಂತಿ ತಮ್ಮ ವಿಶ್ವಾಸಿ,
ತಾಲ್ಲೂಕು ಪಂಚಾಯಿತಿಯ ಒಬ್ಬ ನಿವೃತ್ತ ವ್ಯವಸ್ಥಾಪಕ